ಹಗೇವಿನಿಂದ ಹೃದಯದವರೆಗೆ: ನಮ್ಮ ಊರುಗಳ ಊಟದ ಚರಿತ್ರೆ



ಬೆಳ್ಳಿ ಹಬ್ಬದ ಸಂಚಿಕೆ ಅಂದ ಮೇಲೆ ಷೇರು ಬಂಡವಾಳ ಎಷ್ಟಿತ್ತು, ಎಷ್ಟಾಯಿತು, ಸಾಲ ವಸೂಲಿ ಹೇಗೆ ನಡೆಯಿತು ಎಂಬ ಲೆಕ್ಕ ಇರಲೇಬೇಕು. ಅದು ಬೇರೆ ಪುಟಗಳಲ್ಲಿದೆ. ಇಲ್ಲಿ ನಾವು ಇನ್ನೊಂದು ಲೆಕ್ಕ ಒಪ್ಪಿಸಲು ಹೊರಟಿದ್ದೇವೆ. ಸಂಘದ ಕಚೇರಿಗೆ ಬರುವ ಅರ್ಜಿಗಳಲ್ಲಿ ಒಂದು ಬಗೆಯದನ್ನು ಕೈಗೆತ್ತಿಕೊಳ್ಳಲು ಯಾರಿಗೂ ಮನಸ್ಸು ಬರುವುದಿಲ್ಲ. ತೀರಿಕೊಂಡ ಸದಸ್ಯರ ಷೇರನ್ನು ವಾರಸುದಾರರ ಹೆಸರಿಗೆ ಮಾಡಿಕೊಡಿ ಎಂಬ ಅರ್ಜಿ ಅದು. ಮೊದಮೊದಲು ಅದನ್ನು ತರುತ್ತಿದ್ದವರು ಮೊಮ್ಮಕ್ಕಳನ್ನು ಕಂಡ ಹಿರಿಯರ ಮಕ್ಕಳು. ಈಗ ಸ್ಕೂಲಿಗೆ ಹೋಗುವ ಮಕ್ಕಳನ್ನು ಕೈಹಿಡಿದುಕೊಂಡು ಹೆಣ್ಣುಮಕ್ಕಳು ಬರುತ್ತಾರೆ. ಕಾರಣ ಕೇಳಿದರೆ ಒಂದೇ ಮಾತು: "ಹಾರ್ಟ್ ಅಟ್ಯಾಕ್ ಆಯ್ತು ಸಾರ್, ಆಸ್ಪತ್ರೆ ಮುಟ್ಟಲಿಲ್ಲ."

ಮುದ್ದೆ ತಿಂದು ಬೆಳೆದ ಊರು ನಮ್ಮದು, ನಮಗೆ ಇದೆಲ್ಲಿಂದ ಬಂತು ಎಂದು ಅನೇಕರು ಕೇಳುತ್ತಾರೆ. ಉತ್ತರ ಹುಡುಕಬೇಕಾದರೆ ನಮ್ಮ ಊರುಗಳ ಊಟದ ಚರಿತ್ರೆಯನ್ನೇ ತೆಗೆದು ನೋಡಬೇಕು.

ಅಂದಿನ ತಟ್ಟೆ

ಕೇತಮಾರನಹಳ್ಳಿ, ಸಾಣೇಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಅತ್ತಿಗುಪ್ಪೆ, ಮೂಡಲಪಾಳ್ಯ, ನಾಗರಬಾವಿ, ಉಲ್ಲಾಳು, ಕೊಮ್ಮಘಟ್ಟ, ಕೆಂಗೇರಿ. ಇಂದು ಬಸ್ಸಿನ ಬೋರ್ಡಿನ ಮೇಲೆ ಕಾಣುವ ಈ ಹೆಸರುಗಳೆಲ್ಲ ಒಂದು ಕಾಲಕ್ಕೆ ರಾಗಿ ಹೊಲಗಳ ಹೆಸರುಗಳು. ರಾಗಿ ಒಂದನ್ನೇ ಯಾರೂ ಬಿತ್ತುತ್ತಿರಲಿಲ್ಲ. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಇರುತ್ತಿದ್ದವು. ಕಣದಿಂದ ಬಂದ ರಾಗಿ ಹಗೇವಿಗೆ ಇಳಿಯುತ್ತಿತ್ತು. ವರ್ಷಗಟ್ಟಲೆ ಹುಳು ಮುಟ್ಟದ ಕಾಳು ಅದು. ಮುದ್ದೆ, ಹುರುಳಿಕಾಳಿನ ಬಸ್ಸಾರು, ಬೆರಕೆ ಸೊಪ್ಪಿನ ಉಪ್ಸಾರು, ಮಜ್ಜಿಗೆ ಇಷ್ಟೇ ಊಟ. ಅನ್ನ ಅಂದರೆ ಹಬ್ಬ, ಇಲ್ಲವೇ ನೆಂಟರು ಬಂದ ದಿನ. ಸಿಹಿ ಅಂದರೆ ಬೆಲ್ಲ, ಅದೂ ಎಣಿಸಿದ ಹಾಗೆ.

ಆ ಮುದ್ದೆ ದೊಡ್ಡದೇ ಇತ್ತು ಅನ್ನಿ. ಆದರೆ ಅದನ್ನು ಕರಗಿಸುವ ಕೆಲಸ ಅದಕ್ಕಿಂತ ದೊಡ್ಡದಿತ್ತು. ಗಂಡಸರು ಕೋಳಿ ಕೂಗುವ ಹೊತ್ತಿಗೆ ನೇಗಿಲು ಹೊತ್ತರೆ, ಹೆಂಗಸರು ರಾಗಿಕಲ್ಲಿನ ಮುಂದೆ ಕೂರುತ್ತಿದ್ದರು. ಸೊಪ್ಪು, ತರಕಾರಿ ತಲೆಯ ಮೇಲೆ ಹೊತ್ತು ಪೇಟೆಗೆ ನಡೆದೇ ಹೋಗಿ ನಡೆದೇ ಬರುತ್ತಿದ್ದರು.

ಹಾಗೆಂದು ಆ ಕಾಲವನ್ನು ಚಿನ್ನದ ಕಾಲ ಎನ್ನಲು ನಾವು ತಯಾರಿಲ್ಲ. ಎರಡನೇ ಮಹಾಯುದ್ಧದಲ್ಲಿ 1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿ ಅಕ್ಕಿ ಬರುವುದು ನಿಂತಿತು. ಜನ ರೇಷನ್ ಕಂಡರು. 1965-66ರ ಬರಗಾಲದಲ್ಲಿ ಅಮೆರಿಕದ ಗೋಧಿ, ಕೆಂಪು ಜೋಳಕ್ಕೆ ಕೈಚಾಚಬೇಕಾಯಿತು. ಸ್ವಾತಂತ್ರ್ಯ ಬಂದಾಗ ಭಾರತೀಯನ ಸರಾಸರಿ ಆಯಸ್ಸು ಸುಮಾರು 32 ವರ್ಷ, ಈಗ 70ರ ಆಸುಪಾಸು. ಅಂದು ಹೃದಯರೋಗ ಕಮ್ಮಿ ಕಂಡದ್ದಕ್ಕೆ ಊಟ ಒಂದೇ ಕಾರಣವಲ್ಲ. ಆ ರೋಗ ಬರುವ ವಯಸ್ಸಿಗೆ ಮುಂಚೆಯೇ ಪ್ಲೇಗು, ಕಾಲರಾ, ಬಾಣಂತಿ ಸಾವು ಎಷ್ಟೋ ಜನರನ್ನು ಕೊಂಡೊಯ್ಯುತ್ತಿದ್ದವು.

ಮೈಸೂರಿನ ಹಳೇ ರಿಜಿಸ್ಟರು

ಆ ಹಸಿವಿನ ಗುರುತು ಹೃದಯದ ಮೇಲೂ ಉಳಿದಿತ್ತು ಎಂಬುದನ್ನು ತೋರಿಸಿದ್ದು ನಮ್ಮ ನಾಡಿನದೇ ಒಂದು ಆಸ್ಪತ್ರೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ, ಅಂದರೆ ಜನ ಮಿಷನ್ ಆಸ್ಪತ್ರೆ ಎನ್ನುವಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟ ರಿಜಿಸ್ಟರುಗಳು ಹಾಳಾಗದೆ ಉಳಿದಿದ್ದವು. 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಮೈಸೂರಿನ ಮತ್ತು ಇಂಗ್ಲೆಂಡಿನ ವೈದ್ಯರು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಅದರ ಫಲ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಬಂತು. ಹುಟ್ಟುವಾಗ ಎರಡೂವರೆ ಕೆ.ಜಿ.ಯೊಳಗೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಮೂರು ಕೆ.ಜಿ. ದಾಟಿ ಚೆನ್ನಾಗಿ ತೂಗಿದ್ದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ.

ಇದರ ಅರ್ಥ ನಮ್ಮ ಭಾಷೆಯಲ್ಲಿ ಇಷ್ಟು. ಹೊಟ್ಟೆ ತುಂಬ ಉಣ್ಣದ ತಾಯಿಯ ಗರ್ಭದಲ್ಲಿ ಬೆಳೆದ ಮಗುವಿನ ದೇಹ ಕಡಿಮೆಯಲ್ಲಿ ಬದುಕುವುದಕ್ಕೆ ಸಿದ್ಧವಾಗುತ್ತದೆ. ಮುಂದೆ ಅದೇ ದೇಹಕ್ಕೆ ಕೂತಲ್ಲಿ ಮೂರು ಹೊತ್ತು ಸುರಿದರೆ ತಾಳಿಕೊಳ್ಳುವ ಶಕ್ತಿ ಅದಕ್ಕೆ ಕಮ್ಮಿ. ಬಡತನದಿಂದ ಅನುಕೂಲಕ್ಕೆ ಒಂದೇ ತಲೆಮಾರಿನಲ್ಲಿ ಜಿಗಿದ ನಮ್ಮಂಥ ಊರಿನವರು ಈ ಮಾತನ್ನು ಮನಸ್ಸಿಗೆ ಹಾಕಿಕೊಳ್ಳಬೇಕು.

ಹೊಲ ಹೋಯಿತು, ನೇಗಿಲೂ ಹೋಯಿತು

1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ರಾಜಾಜಿನಗರ ಎದ್ದಿತು, ಕೈಗಾರಿಕೆಗಳು ಬಂದವು, ಆಮೇಲೆ ವಿಜಯನಗರ. 1976ರಲ್ಲಿ ಬಿ.ಡಿ.ಎ. ಆದ ಮೇಲೆ ಬಡಾವಣೆಗಳ ಓಟ ಇನ್ನೂ ಜೋರಾಯಿತು. ಬಸವೇಶ್ವರನಗರ, ನಾಗರಬಾವಿ, ವಿಶ್ವೇಶ್ವರಯ್ಯ ಬಡಾವಣೆ, ಕೊನೆಗೆ ನಾಡಪ್ರಭು ಕೆಂಪೇಗೌಡ ಬಡಾವಣೆಯವರೆಗೆ ಅದು ಬಂದು ಮುಟ್ಟಿತು. ಕೆಲವರ ಕೈಗೆ ದುಡ್ಡು ಬಂತು, ಕೆಲವರಿಗೆ ಸೈಟು, ಕೆಲವರಿಗೆ ಬರೀ ನೋಟೀಸು. ಎಲ್ಲರ ಕೈಯಿಂದಲೂ ಹೋದದ್ದು ಮೈಮುರಿಯುವ ಕೆಲಸ. ಎತ್ತು ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ ಬಾಡಿಗೆ ಮನೆ ಎದ್ದಿತು. ವೃಷಭಾವತಿಯ ನೀರು ಹೊಲಸಾಗಿ ದಡದ ಸೊಪ್ಪು ತರಕಾರಿಯ ಮೇಲಿನ ನಂಬಿಕೆಯೂ ಹೋಯಿತು. ಮಕ್ಕಳು ಆಟೋ, ಕ್ಯಾಬ್, ಗಾರ್ಮೆಂಟ್ಸ್, ಆಫೀಸು ಹಿಡಿದರು.

ಇತ್ತ ತಟ್ಟೆಯೂ ಬದಲಾಯಿತು. 'ರಾಗಿ ಬ್ರಹ್ಮ' ಎನಿಸಿಕೊಂಡ ಡಾ. ಸಿ.ಎಚ್. ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕಾದ ರಾಗಿಯನ್ನು ಕೂಡಿಸಿ 'ಇಂಡಾಫ್' ತಳಿಗಳನ್ನು ಕೊಟ್ಟು ಇಳುವರಿ ಹೆಚ್ಚಿಸಿದರು. ಆದರೆ ರಾಗಿ ಬೆಳೆ ಹೆಚ್ಚಿದಾಗಲೇ ರಾಗಿಯ ಮಾನ ಕಡಿಮೆಯಾಯಿತು. ಮುದ್ದೆ ಬಡವರ ಊಟ, ಬಿಳಿ ಅನ್ನ ದೊಡ್ಡಸ್ತಿಕೆ ಎಂದಾಯಿತು. 2013ರ ಜುಲೈಯಲ್ಲಿ ಅನ್ನಭಾಗ್ಯ ಬಂದು ಬಡವರ ಮನೆಯ ಹಸಿವು ಕಳೆಯಿತು. ಆ ಉಪಕಾರವನ್ನು ಹಗುರವಾಗಿ ಮಾತಾಡುವುದು ಸರಿಯಲ್ಲ, ಹಸಿದವನಿಗೇ ಅನ್ನದ ಬೆಲೆ ಗೊತ್ತು. ಆದರೆ ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅನ್ನ, ನಡುವೆ ನಾಲ್ಕು ಸಲ ಎರಡೆರಡು ಚಮಚ ಸಕ್ಕರೆಯ ಟೀ, ಸಂಜೆ ಬೇಕರಿಯ ಖಾರಾ ಬನ್ನು, ಪಫ್ಸು ಅಂದರೆ ಯಾವ ಗುಂಡಿಗೆ ತಡೆದೀತು? ಹುಚ್ಚೆಳ್ಳೆಣ್ಣೆ ಹೋಗಿ ಮೊದಲು ಡಾಲ್ಡಾ, ಆಮೇಲೆ ಪಾಮಾಯಿಲು ಬಂತು. ಡಾಲ್ಡಾದಂಥ ಗಟ್ಟಿ ಎಣ್ಣೆಯಲ್ಲಿ ಇರುತ್ತಿದ್ದ ಟ್ರಾನ್ಸ್ ಕೊಬ್ಬು ಎಷ್ಟು ಕೆಟ್ಟದ್ದೆಂದರೆ, 2022ರಿಂದ ಕಾನೂನೇ ಅದನ್ನು ನೂರಕ್ಕೆ 2ಕ್ಕೆ ಇಳಿಸಿದೆ.

ಒಳಗೆ ಏನಾಗುತ್ತದೆ?

ಇದನ್ನು ಜಗತ್ತು ಕಂಡುಕೊಂಡದ್ದು ಮೆಲ್ಲಮೆಲ್ಲಗೆ. 1948ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಸಣ್ಣ ಊರಿನ ಐದು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಾನುಗಟ್ಟಲೆ ಪರೀಕ್ಷಿಸುತ್ತಾ ಹೋದರು. ಬಿ.ಪಿ., ಕೊಲೆಸ್ಟ್ರಾಲ್, ಸಿಗರೇಟು ಹೃದಯದ ವೈರಿಗಳೆಂದು ಅಲ್ಲಿಂದ ತಿಳಿಯಿತು. 1988ರಲ್ಲಿ ಜೆರಾಲ್ಡ್ ರೀವನ್ ಎಂಬ ವೈದ್ಯರು ಸಕ್ಕರೆ ಕಾಯಿಲೆ, ಬಿ.ಪಿ., ರಕ್ತದ ಕೊಬ್ಬು ಬೇರೆ ಬೇರೆಯಾಗಿ ಬರುವುದಿಲ್ಲ, ಇನ್ಸುಲಿನ್‌ಗೆ ದೇಹ ಬಗ್ಗದಿರುವುದೇ ಅವನ್ನು ಒಟ್ಟಿಗೆ ಕಟ್ಟುವ ಹಗ್ಗ ಎಂದು ವಾದಿಸಿದರು.

ಪಾಲಿಶ್ ಅಕ್ಕಿ, ಮೈದಾ, ಸಕ್ಕರೆ ಬೇಗ ಕರಗಿ ರಕ್ತಕ್ಕೆ ಸೇರುತ್ತವೆ. ಅದನ್ನು ಜೀವಕೋಶಗಳಿಗೆ ಒಳಬಿಡುವ ಬೀಗದ ಕೈ ಇನ್ಸುಲಿನ್. ದುಡಿಯುವ ಸ್ನಾಯು ಬಾಗಿಲು ತೆಗೆದುಕೊಳ್ಳುತ್ತದೆ, ಕೂತ ಸ್ನಾಯು ಮುಚ್ಚಿಕೊಳ್ಳುತ್ತದೆ. ಮಿಕ್ಕ ಸಕ್ಕರೆಯನ್ನು ಯಕೃತ್ತು ಕೊಬ್ಬು ಮಾಡಿ ಹೊಟ್ಟೆಯ ಸುತ್ತ ಪೇರಿಸುತ್ತದೆ. ರಕ್ತದಲ್ಲಿ ಟ್ರೈಗ್ಲಿಸರೈಡ್ ಏರಿ, ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ. ಕೆಟ್ಟದ್ದು ರಕ್ತನಾಳದ ಗೋಡೆಯೊಳಗೆ ನುಗ್ಗಿ ಗಡ್ಡೆ ಕಟ್ಟುತ್ತದೆ. ಒಂದು ದಿನ ಆ ಗಡ್ಡೆ ಬಿರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಅದೇ ಹಾರ್ಟ್ ಅಟ್ಯಾಕ್. ಬೀಡಿ, ಸಿಗರೇಟು ಈ ಕೆಲಸವನ್ನು ಇಮ್ಮಡಿ ಬೇಗ ಮಾಡಿಸುತ್ತವೆ.

ಇದು ಅಮೆರಿಕದ ಮಾತು, ನಮಗೇಕೆ ಅನ್ನುವವರಿಗೆ ಬೆಂಗಳೂರಿನದೇ ಉತ್ತರ ಇದೆ. ಸೇಂಟ್ ಜಾನ್ಸ್‌ನ ಡಾ. ಪ್ರೇಮ್ ಪೈಸ್ ಮತ್ತು ಸಂಗಡಿಗರು ಮೊದಲ ಸಲ ಹೃದಯಾಘಾತವಾದ 200 ಮಂದಿಯನ್ನು ಅದೇ ವಯಸ್ಸಿನ ಬೇರೆ 200 ಮಂದಿಯ ಜೊತೆ ಹೋಲಿಸಿ 1996ರಲ್ಲಿ ವರದಿ ಕೊಟ್ಟರು. ಬೀಡಿ ಸಿಗರೇಟು, ಬಿ.ಪಿ., ಖಾಲಿ ಹೊಟ್ಟೆಯ ಸಕ್ಕರೆ, ಸೊಂಟದ ಸುತ್ತಳತೆ, ಇವೇ ಅಲ್ಲಿ ಎದ್ದು ಕಂಡವು. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲೇ ಓದಿದ ಡಾ. ಸಲೀಂ ಯೂಸುಫ್ ಅವರ ಮುಂದಾಳತ್ವದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ 52 ದೇಶಗಳ ಲೆಕ್ಕ ಮುಂದಿಟ್ಟಿತು: ಹೃದಯಾಘಾತದ ಅಪಾಯದ ಹತ್ತರಲ್ಲಿ ಒಂಬತ್ತು ಪಾಲು ನಾವು ಅಳೆಯಬಲ್ಲ, ಬದಲಿಸಬಲ್ಲ ಒಂಬತ್ತು ಸಂಗತಿಗಳಿಂದಲೇ ಬರುತ್ತದೆ. ಮೊದಲ ಹೃದಯಾಘಾತ ದಕ್ಷಿಣ ಏಷ್ಯಾದವರಿಗೆ ಸುಮಾರು 53ಕ್ಕೆ, ಬೇರೆ ದೇಶದವರಿಗೆ ಸುಮಾರು 59ಕ್ಕೆ ಎಂದೂ 2007ರಲ್ಲಿ ಅದು ತಿಳಿಸಿತು. ಆರು ವರ್ಷ ಮುಂಚೆ ಅಂದರೆ ಮಗಳ ಮದುವೆಗೆ ಮುಂಚೆ, ಮನೆ ಸಾಲ ತೀರುವುದಕ್ಕೆ ಮುಂಚೆ.

ಜಯದೇವ ಹೃದ್ರೋಗ ಸಂಸ್ಥೆ 2017ರಿಂದ ನಲವತ್ತರೊಳಗಿನ ರೋಗಿಗಳ ಪ್ರತ್ಯೇಕ ದಾಖಲೆ ಇಟ್ಟಿತು. ತಂಬಾಕು ಅಲ್ಲಿ ಮೊದಲ ಆರೋಪಿ. ಆಟೋ, ಕ್ಯಾಬ್ ಓಡಿಸುವವರ ಸಂಖ್ಯೆ ಅಲ್ಲಿ ದೊಡ್ಡದಿತ್ತು. ನಮ್ಮ ಊರಿನ ಎಷ್ಟು ಹುಡುಗರ ಕಸುಬು ಅದು, ಯೋಚಿಸಿ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗ ನಾಡೇ ಅತ್ತಿತು. ರೈತರ ಹಾಲಿನ ಸಹಕಾರ ಸಂಸ್ಥೆಯಾದ ನಂದಿನಿಗೆ ರಾಯಭಾರಿಯಾಗಿದ್ದ ಅವರ ಹೆಸರಿನಲ್ಲೇ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ಬೇಕಾದವರಿಗೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುವ ಯೋಜನೆ ಅದು. 2025ರಲ್ಲಿ ಹಾಸನದ ಸಾವುಗಳ ಸುದ್ದಿ ಬಂದಾಗ ಜನ ಭಯಪಟ್ಟು ಜಯದೇವದ ಮುಂದೆ ಸಾಲುಗಟ್ಟಿದರು. ಭಯಕ್ಕಿಂತ ವರ್ಷಕ್ಕೊಂದು ಸಲದ ಪರೀಕ್ಷೆ ಮೇಲು.

ಸಂಘ ಏನು ಮಾಡಬಹುದು?

ಮುದ್ದೆ ಮಂತ್ರವಲ್ಲ. ನೂರು ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ, ಅದು ನಿಜ. ಆದರೆ ರಾಗಿಯೂ ಪಿಷ್ಟವೇ. ಉಳುವವನ ಮುದ್ದೆಯನ್ನು ಟಿ.ವಿ. ನೋಡುವವನು ಉಂಡರೆ ಸಕ್ಕರೆ ಏರದೆ ಇರುವುದಿಲ್ಲ. ಮುದ್ದೆ ಚಿಕ್ಕದಾಗಲಿ, ಸಾರಿನಲ್ಲಿ ಕಾಳು ಸೊಪ್ಪು ದಪ್ಪವಾಗಲಿ. ಭಾರತೀಯರ ಕ್ಯಾಲೊರಿಯಲ್ಲಿ ನೂರಕ್ಕೆ 62 ಪಾಲು ಪಿಷ್ಟ, ಸಕ್ಕರೆಯಿಂದಲೇ ಬರುತ್ತದೆ, ಸ್ವಲ್ಪ ಭಾಗವನ್ನು ಬೇಳೆಕಾಳು, ಹಾಲು, ಮೊಟ್ಟೆಯಂಥ ಪ್ರೋಟೀನಿಗೆ ಬಿಟ್ಟುಕೊಟ್ಟರೆ ಸಕ್ಕರೆ ಕಾಯಿಲೆಯ ಅಪಾಯ ತಗ್ಗುತ್ತದೆ ಎಂದು ಐ.ಸಿ.ಎಂ.ಆರ್.ನ 2025ರ ವರದಿ ಹೇಳುತ್ತದೆ. ಉಪ್ಪು ದಿನಕ್ಕೆ ಒಂದು ಟೀ ಚಮಚದೊಳಗೆ ಇರಲಿ. ಉಪ್ಪಿನಕಾಯಿ, ಹಪ್ಪಳವೂ ಆ ಲೆಕ್ಕದೊಳಗೇ.

ಈ ಬೆಳ್ಳಿ ವರ್ಷದಲ್ಲಿ ನಮ್ಮ ಸಲಹೆ ಮೂರು. ಒಂದು, ಸಂಘದ ಮಳಿಗೆಯಲ್ಲಿ ಅಕ್ಕಿ, ಸಕ್ಕರೆಯ ಪಕ್ಕದಲ್ಲೇ ರಾಗಿ, ಹುರುಳಿ, ಅವರೆ, ಕಡಲೆಗೂ ಜಾಗ ಕೊಡಬೇಕು. ಎರಡು, ವಾರ್ಷಿಕ ಮಹಾಸಭೆಯ ದಿನ ಸದಸ್ಯರಿಗೂ ಮನೆಯವರಿಗೂ ಬಿ.ಪಿ., ಸಕ್ಕರೆ, ಸೊಂಟದಳತೆ ನೋಡಿಸಬೇಕು. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ. ಖಾಲಿ ಹೊಟ್ಟೆಯ ಸಕ್ಕರೆ 100 ದಾಟಿದರೆ ಎಚ್ಚರ, 126 ಮುಟ್ಟಿದರೆ ವೈದ್ಯರ ಬಳಿಗೆ. ಮೂರು, ಸಭೆಯ ತಿಂಡಿಯಲ್ಲಿ ಬೋಂಡಾ, ಜಾಮೂನಿನ ಬದಲು ಕಾಳಿನ ಉಸಲಿ, ಹಣ್ಣು ಇರಲಿ. ನಗಬೇಡಿ, ಸಂಘ ತಿಂದದ್ದನ್ನೇ ಊರು ತಿನ್ನುತ್ತದೆ.

ಕೊನೆಯದಾಗಿ ಒಂದು ಮಾತು. ಎದೆ ಹಿಂಡಿದಂತಾಗಿ, ಎಡಗೈಗೋ ದವಡೆಗೋ ನೋವು ಹರಿದು, ತಣ್ಣನೆ ಬೆವರು ಬಂದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗಬೇಡಿ. ಹೆಂಗಸರಿಗೆ, ಸಕ್ಕರೆ ಕಾಯಿಲೆಯವರಿಗೆ ಬರೀ ಉಸಿರು ಕಟ್ಟುವುದು, ಸುಸ್ತು ಇಷ್ಟೇ ಕಾಣಬಹುದು. ತಕ್ಷಣ 108ಕ್ಕೆ ಫೋನ್ ಮಾಡಿ. ಒಬ್ಬನಿಗಾಗಿ ಎಲ್ಲರೂ, ಎಲ್ಲರಿಗಾಗಿ ಒಬ್ಬ ಎಂಬುದು ಸಹಕಾರದ ಮೂಲಮಂತ್ರ. ಹಗೇವು ತುಂಬಿಸಿದ ಹಿರಿಯರು ಬರುವ ವರ್ಷದ ಬರವನ್ನು ಈ ವರ್ಷವೇ ಯೋಚಿಸುತ್ತಿದ್ದರು. ಅಷ್ಟೇ ಮುಂದಾಲೋಚನೆ ನಮ್ಮ ಗುಂಡಿಗೆಯ ಬಗ್ಗೆಯೂ ಇರಲಿ. ಸಂಘದ ಚಿನ್ನದ ಹಬ್ಬದ ಸಂಚಿಕೆಯನ್ನು ಇಂದಿನ ಸದಸ್ಯರೇ ಕನ್ನಡಕ ಹಾಕಿಕೊಂಡು ಓದುವಂತಾಗಲಿ ಎಂದು ಹಾರೈಸುತ್ತೇವೆ.