ಹೃದಯ ಪಂಪ್ ಸಾಧನಗಳ ಹಿಂಪಡೆಯುವಿಕೆ

ಹೃದಯ ಪಂಪ್ ಸಾಧನಗಳ ಹಿಂಪಡೆಯುವಿಕೆ ಎಂಬುದು ಎದೆಯೊಳಗೆ ಅಳವಡಿಸುವ ಯಾಂತ್ರಿಕ ಪಂಪುಗಳಲ್ಲಿ ಅಥವಾ ಅವುಗಳ ಬಿಡಿಭಾಗಗಳಲ್ಲಿ ದೋಷ ಕಂಡುಬಂದಾಗ ತಯಾರಕರು ಕೈಗೊಳ್ಳುವ ಸುರಕ್ಷತಾ ಕ್ರಮವಾಗಿದೆ. ಮಾರಾಟ ನಿಲ್ಲಿಸುವುದು, ಬಿಡಿಭಾಗ ಬದಲಿಸುವುದು, ಬಳಕೆಯ ಸೂಚನೆಗಳನ್ನು ತಿದ್ದುವುದು ಇವೆಲ್ಲವೂ ಇದರಲ್ಲಿ ಸೇರುತ್ತವೆ. ಹಿಂಪಡೆಯಲಾಗಿದೆ ಎಂದ ಮಾತ್ರಕ್ಕೆ ದೇಹದಲ್ಲಿರುವ ಪಂಪನ್ನು ಹೊರತೆಗೆಯಬೇಕೆಂದು ಅರ್ಥವಲ್ಲ.

ಸಾಧನದ ಸ್ವರೂಪ

ಹೃದಯವು ತೀವ್ರವಾಗಿ ದುರ್ಬಲಗೊಂಡವರಿಗೆ ಎಡ ಹೃತ್ಕುಕ್ಷಿಯ ನೆರವಿನ ಸಾಧನವನ್ನು (ಎಲ್‌ವಿಎಡಿ) ಅಳವಡಿಸುತ್ತಾರೆ. ಇದು ಎಡ ಹೃತ್ಕುಕ್ಷಿಯ ರಕ್ತವನ್ನು ಕೊಳವೆಯೊಂದರ ಮೂಲಕ ಮಹಾಪಧಮನಿಗೆ ತಳ್ಳುತ್ತದೆ. ಹೊಟ್ಟೆಯ ಚರ್ಮದಿಂದ ಹೊರಬರುವ ತಂತಿಯು ನಿಯಂತ್ರಕಕ್ಕೂ ಬ್ಯಾಟರಿಗಳಿಗೂ ಸಂಪರ್ಕ ಹೊಂದಿರುತ್ತದೆ. ರಕ್ತವು ನಿರಂತರವಾಗಿ ಹರಿಯುವುದರಿಂದ ಇಂತಹ ರೋಗಿಗಳ ನಾಡಿ ಬಡಿತ ಕೈಗೆ ಸಿಗದಿರಬಹುದು.

ಪ್ರಮುಖ ಪ್ರಕರಣಗಳು

2014ರಲ್ಲಿ ಹಾರ್ಟ್‌ಮೇಟ್ II ಪಂಪಿನ ಹೊಸ ಮಾದರಿಯ ನಿಯಂತ್ರಕವನ್ನು ಬದಲಿಸಿಕೊಳ್ಳುವಾಗ ಕೆಲವು ರೋಗಿಗಳು ಮೃತಪಟ್ಟರು. ತಯಾರಕರು ಬಳಕೆಯ ಸೂಚನೆ ಹಾಗೂ ತರಬೇತಿಯನ್ನು ಪರಿಷ್ಕರಿಸಿದರು.

2021ರ ಜೂನ್ 3ರಂದು ಮೆಡ್‌ಟ್ರಾನಿಕ್ ಕಂಪನಿಯು ಹಾರ್ಟ್‌ವೇರ್ ಎಚ್‌ವಿಎಡಿ ಪಂಪಿನ ಮಾರಾಟವನ್ನು ಜಗತ್ತಿನಾದ್ಯಂತ ನಿಲ್ಲಿಸಿತು. ಇತರ ಪಂಪುಗಳಿಗೆ ಹೋಲಿಸಿದರೆ ಪಾರ್ಶ್ವವಾಯು ಮತ್ತು ಮರಣದ ಪ್ರಮಾಣ ಹೆಚ್ಚಾಗಿದ್ದುದು ಒಂದು ಕಾರಣ. ಒಮ್ಮೆ ನಿಂತ ಪಂಪು ಮತ್ತೆ ಚಾಲನೆಗೊಳ್ಳದಿರುವ ದೋಷ ಇನ್ನೊಂದು. ಆಗ ಸುಮಾರು 4,000 ರೋಗಿಗಳು ಈ ಪಂಪನ್ನು ಅವಲಂಬಿಸಿದ್ದರು. ತೆಗೆಯುವ ಶಸ್ತ್ರಚಿಕಿತ್ಸೆಯೇ ಅಪಾಯಕಾರಿಯಾದ್ದರಿಂದ, ಸರಿಯಾಗಿ ಕೆಲಸ ಮಾಡುತ್ತಿರುವ ಪಂಪನ್ನು ಮುನ್ನೆಚ್ಚರಿಕೆಗಾಗಿ ತೆಗೆಯುವುದು ಬೇಡವೆಂದು ಸಲಹೆ ನೀಡಲಾಯಿತು.

2024ರಲ್ಲಿ ಅಬಾಟ್ ಕಂಪನಿಯ ಹಾರ್ಟ್‌ಮೇಟ್ II ಮತ್ತು ಹಾರ್ಟ್‌ಮೇಟ್ 3 ಪಂಪುಗಳ ಹೊರಹರಿವಿನ ಕೊಳವೆಯ ಸುತ್ತ ಜೈವಿಕ ಪದಾರ್ಥ ಸಂಗ್ರಹವಾಗಿ ಕೊಳವೆಯನ್ನು ಅದುಮುವ ಸಮಸ್ಯೆ ಪ್ರಕಟವಾಯಿತು. ಅಮೆರಿಕದಲ್ಲಿ 13,883 ಸಾಧನಗಳಿಗೆ ಅನ್ವಯಿಸಿದ ಈ ಪ್ರಕರಣದಲ್ಲಿ 273 ಗಾಯಗಳೂ 14 ಸಾವುಗಳೂ ವರದಿಯಾದವು. ಇಲ್ಲಿಯೂ ಪಂಪುಗಳನ್ನು ತೆಗೆಯದೆ, ರೋಗಿಗಳ ಮೇಲೆ ನಿಗಾ ಇಡುವಂತೆ ವೈದ್ಯರಿಗೆ ಸೂಚಿಸಲಾಯಿತು.

ಭಾರತದಲ್ಲಿ ನಿಯಂತ್ರಣ

ವೈದ್ಯಕೀಯ ಸಾಧನಗಳ ನಿಯಮಗಳು, 2017 ಎಂಬ ನಿಯಮಾವಳಿಯು 2018ರ ಜನವರಿ 1ರಿಂದ ಜಾರಿಯಲ್ಲಿದೆ. ಇದರ 89ನೇ ನಿಯಮದಂತೆ, ಸಾಧನವು ಅಪಾಯಕಾರಿಯೆಂದು ಕಂಡಾಗ ತಯಾರಕರು ಅಥವಾ ಅಧಿಕೃತ ಪ್ರತಿನಿಧಿಗಳು ಅದನ್ನು ಹಿಂಪಡೆಯುವ ಕ್ರಮ ಆರಂಭಿಸಿ, ಕಾರಣಸಹಿತ ಪ್ರಾಧಿಕಾರಕ್ಕೆ ತಿಳಿಸಬೇಕು. ಸಾಧನಗಳಿಂದಾಗುವ ತೊಂದರೆಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮವು 2015ರ ಜುಲೈ 6ರಂದು ಆರಂಭವಾಯಿತು. ಗಾಜಿಯಾಬಾದಿನ ಭಾರತೀಯ ಫಾರ್ಮಾಕೊಪಿಯಾ ಆಯೋಗವು ಇದರ ಸಮನ್ವಯ ಕೇಂದ್ರವಾಗಿದೆ.

ಕಲಬುರಗಿ ಜಿಲ್ಲೆಯ ಸಂದರ್ಭ

ಪಂಪ್ ಅಳವಡಿಕೆ ಮಹಾನಗರಗಳ ವಿಶೇಷ ಆಸ್ಪತ್ರೆಗಳಲ್ಲಿ ನಡೆಯುತ್ತದೆ. ರೋಗಿಯ ಮುಂದಿನ ಜೀವನ ಮಾತ್ರ ಸ್ವಂತ ಊರಿನಲ್ಲಿ. ಆದ್ದರಿಂದ ದೋಷದ ಸೂಚನೆಯು ದೂರದ ಊರಿನಲ್ಲಿರುವ ರೋಗಿಯನ್ನೂ ತಲುಪಬೇಕಾಗುತ್ತದೆ. ಕಲಬುರಗಿ ಜಿಲ್ಲೆಯಲ್ಲಿ ಶಹಾಬಾದ, ವಾಡಿ, ಚಿತ್ತಾಪುರ ಮತ್ತು ಸೇಡಂ ರೈಲುಮಾರ್ಗದಲ್ಲಿವೆ. ಚಿಂಚೋಳಿ ಪಟ್ಟಣಕ್ಕೆ ರಸ್ತೆಯೇ ಆಧಾರ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಉದ್ಘಾಟನೆಗೊಂಡಿತು.

ಇಂತಹ ಊರುಗಳಲ್ಲಿ ನೆಲೆಸುವ ರೋಗಿಗೆ ವಿದ್ಯುತ್ ಪೂರೈಕೆ ಜೀವನ್ಮರಣದ ಪ್ರಶ್ನೆಯಾಗಿದೆ. ಹಾರ್ಟ್‌ಮೇಟ್ 3ರ ಒಂದು ಜೊತೆ ಬ್ಯಾಟರಿ ಗರಿಷ್ಠ 17 ಗಂಟೆ ನಡೆಯುತ್ತದೆ. ನಿಯಂತ್ರಕದೊಳಗಿನ ತುರ್ತು ಬ್ಯಾಟರಿಯ ಅವಧಿ ಸುಮಾರು 15 ನಿಮಿಷ ಮಾತ್ರ. ಸಾಧನದ ಮಾದರಿ ಮತ್ತು ಕ್ರಮಸಂಖ್ಯೆಯಿರುವ ಗುರುತುಚೀಟಿ ರೋಗಿಯ ಬಳಿ ಇದ್ದರೆ, ಹಿಂಪಡೆಯುವಿಕೆ ತನ್ನ ಪಂಪಿಗೆ ಅನ್ವಯಿಸುತ್ತದೆಯೇ ಎಂಬುದನ್ನು ಗುರುತಿಸಬಹುದು. ವಿಳಾಸ ಅಥವಾ ದೂರವಾಣಿ ಸಂಖ್ಯೆ ಬದಲಾದಾಗ ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಗೆ ತಿಳಿಸದಿದ್ದರೆ ಸುರಕ್ಷತಾ ಸೂಚನೆ ರೋಗಿಯನ್ನು ತಲುಪದೆ ಉಳಿಯುತ್ತದೆ. ನಾಡಿ ಸಿಗದಿರುವುದು ಈ ಸಾಧನದ ಸಹಜ ಲಕ್ಷಣವೆಂಬುದನ್ನು ತಾಲ್ಲೂಕು ಆಸ್ಪತ್ರೆಯ ಸಿಬ್ಬಂದಿಯೂ ಅರಿತಿರಬೇಕಾಗುತ್ತದೆ.