ಕಿಟಕಿ ಒಡೆದ ಮೇಷ್ಟ್ರು

ಚಿತ್ರದುರ್ಗದಲ್ಲಿ ನಾನು ವಿಜ್ಞಾನ ಕಲಿಸಿದ ಅಷ್ಟು ವರ್ಷವೂ ಹತ್ತನೇ ತರಗತಿಯ ಮಕ್ಕಳು ಕಾಯುತ್ತಿದ್ದುದು ಒಂದೇ ಪಾಠಕ್ಕೆ. ನೀರಿಗೆ ನಾಲ್ಕು ಹನಿ ಆಮ್ಲ ಹಾಕಿ, ಬ್ಯಾಟರಿ ಜೋಡಿಸಿ, ಪ್ರನಾಳದಲ್ಲಿ ತುಂಬಿದ ಜಲಜನಕದ ಬಾಯಿಗೆ ಕಡ್ಡಿ ಗೀರಿ ಹಿಡಿಯುವುದು. (ಈಗಿನ ಪುಸ್ತಕಗಳಲ್ಲಿ ಹೈಡ್ರೋಜನ್; ನನ್ನ ನಾಲಿಗೆಗೆ ಜಲಜನಕವೇ ಒಗ್ಗಿದೆ.) 'ಪಟ್' ಅಂದರೆ ಸಾಕು, ಹಿಂದಿನ ಬೆಂಚೂ ಎದ್ದು ನಿಲ್ಲುತ್ತಿತ್ತು. ಒಂದು ವರ್ಷ ಜಲಜನಕ, ಆಮ್ಲಜನಕ ಎರಡೂ ಒಂದೇ ಪ್ರನಾಳದಲ್ಲಿ ಬೆರೆತು ಗಾಜು ಚೂರುಚೂರಾಯಿತು. ಅದರ ದುಡ್ಡು ನನ್ನ ಸಂಬಳದಲ್ಲೇ ಹೋಯಿತು.

2023ರಲ್ಲಿ ಕೇಂದ್ರ ಸರ್ಕಾರ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಾಗ, ಗಾಳಿ, ಬಿಸಿಲಿನ ವಿದ್ಯುತ್ತಿನಲ್ಲಿ ನೀರು ಒಡೆದು ಜಲಜನಕ ತೆಗೆಯುವುದು ಎಲ್ಲಿಂದ ಶುರುವಾಯಿತೆಂದು ಹುಡುಕಹೊರಟೆ. ಸಿಕ್ಕಿದ್ದು ಇನ್ನೊಬ್ಬ ಮೇಷ್ಟ್ರು, ಡೆನ್ಮಾರ್ಕಿನ ಪೋಲ್ ಲಾ ಕೂರ್. ಹವಾಮಾನ ಸಂಸ್ಥೆಯ ಕೆಲಸ ಬಿಟ್ಟು 1878ರಲ್ಲಿ ಆಸ್ಕೋವ್ ಎಂಬ ಹಳ್ಳಿಯ ವಸತಿ ಶಾಲೆಗೆ ಪಾಠ ಹೇಳಲು ಬಂದವರು. ರೈತರ ಮಕ್ಕಳ ಶಾಲೆ, ಪರೀಕ್ಷೆಯ ಗೊಡವೆಯಿಲ್ಲ. ಮೈಸೂರು ಸೀಮೆಯಲ್ಲಿ ಮುಂದೆ ಹುಟ್ಟಿದ ವಿದ್ಯಾಪೀಠಗಳಿಗೂ ಇಂಥ ಶಾಲೆಗಳೇ ಮಾದರಿ.

1891ರಲ್ಲಿ ಅವರು ಸರ್ಕಾರದ ಹಣದಲ್ಲಿ ನಾಲ್ಕು ರೆಕ್ಕೆಯ ಗಾಳಿಗಿರಣಿ ಕಟ್ಟಿಸಿ ಡೈನಮೋ ತಿರುಗಿಸಿದರು. ಗಾಳಿ ರಭಸವಾಗಿ ಬೀಸಿದಾಗ ಡೈನಮೋ ಹುಚ್ಚೆದ್ದು ಓಡದಂತೆ ರಾಟೆ, ತೂಕಗಳ ಒಂದು ಸಾಧನವನ್ನೂ ಮಾಡಿದರು. ಆದರೆ ಗಾಳಿ ಬಿದ್ದ ರಾತ್ರಿ ಏನು ಗತಿ? ನಮ್ಮ ಪಾಠದ ಪ್ರಯೋಗವನ್ನೇ ಅವರು ಹಿಗ್ಗಿಸಿದರು. ಇಟಲಿಯ ಗರೂಟಿ ಎಂಬ ಪ್ರಾಧ್ಯಾಪಕರ ವಿಧಾನದಲ್ಲಿ ನೀರನ್ನು ಒಡೆದು, ಜಲಜನಕವನ್ನು 12 ಘನ ಮೀಟರಿನ ತೊಟ್ಟಿಯಲ್ಲಿ ಕೂಡಿಟ್ಟರು. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ ದೊಡ್ಡ ನೀರಿನ ಟ್ಯಾಂಕರಿನಲ್ಲಿ ಹಿಡಿಯುವಷ್ಟು, ಅಷ್ಟೇ. 1895ರಿಂದ ಏಳು ವರ್ಷ ಶಾಲೆಯ ದೀಪಗಳು ಆ ಅನಿಲದಲ್ಲೇ ಉರಿದವು. ಒಂದು ದಿನವೂ ಬೆಳಕು ತಪ್ಪಲಿಲ್ಲವಂತೆ.

ಗಾಜು ಮಾತ್ರ ತಪ್ಪಿಸಿಕೊಳ್ಳಲಿಲ್ಲ. ಜಲಜನಕದೊಳಗೆ ಒಂದಿಷ್ಟು ಆಮ್ಲಜನಕ ನುಸುಳಿ, ಆಗಾಗ ಸಿಡಿದು, ಹಲವು ಕಟ್ಟಡಗಳ ಕಿಟಕಿಗಳನ್ನು ಹೊಸದಾಗಿ ಕೂರಿಸಬೇಕಾಯಿತು. ಇದನ್ನು ಓದಿದ ದಿನ ನಾನು ಒಬ್ಬನೇ ಕೂತು ಜೋರಾಗಿ ನಕ್ಕೆ. ನನ್ನದು ಒಂದು ಪ್ರನಾಳ, ಅವರದು ಇಡೀ ಶಾಲೆ!

1902ರ ಹೊತ್ತಿಗೆ ಆಸ್ಕೋವ್ ಶಾಲೆ ವಿದ್ಯುತ್ ದೀಪಕ್ಕೆ ಹೊರಳಿತು, ಜಲಜನಕ ಮೂಲೆಗೆ ಸರಿಯಿತು. ಲಾ ಕೂರ್ ಸುಮ್ಮನೆ ಕೂರಲಿಲ್ಲ, ಹಳ್ಳಿ ಹುಡುಗರಿಗೆ ವಿದ್ಯುತ್ ಕೆಲಸ ಕಲಿಸಲು ನಿಂತರು. 1908ರಲ್ಲಿ ತೀರಿಕೊಂಡರು. 1904ರಲ್ಲಿ ಅವರ ಕೈಕೆಳಗೆ ಕಲಿತ ಯೊಹಾನೆಸ್ ಯೂಲ್ ಎಂಬ ಹುಡುಗ ಮುಂದೆ, 1957ರಲ್ಲಿ, ಗೆಡ್ಸರ್ ಎಂಬಲ್ಲಿ ಮೂರು ರೆಕ್ಕೆಯ 200 ಕಿಲೋವಾಟ್ ಗಾಳಿಯಂತ್ರ ನಿಲ್ಲಿಸಿದ. ಜೋಗಿಮಟ್ಟಿ ಬೆಟ್ಟದ ಮೇಲೆ, ನಮ್ಮ ತಾರಸಿಯಿಂದ ಕಾಣುವ ಯಂತ್ರಗಳಿಗೂ ರೆಕ್ಕೆ ಮೂರೇ.