ದುರ್ಬೀನಿನ ಕಚೇರಿ

ಲಾಸ್ ಏಂಜಲೀಸಿನ ವೆನಿಸ್ ಬಡಾವಣೆಯಲ್ಲಿ ಸುಮಾರು 45 ಅಡಿ ಎತ್ತರದ ಕಪ್ಪು ದುರ್ಬೀನೊಂದು ರಸ್ತೆಯಂಚಿನಲ್ಲಿ ನೆಟ್ಟಗೆ ನಿಂತಿದೆ. ಅದರ ಎರಡು ಕೊಳವೆಗಳ ನಡುವಿನ ಸಂದಿಯಲ್ಲೇ ಕಾರುಗಳು ಒಳಹೋಗುತ್ತವೆ; ಕೊಳವೆಗಳೊಳಗೆ ಕೂತು ಯೋಚಿಸಲು ಪುಟ್ಟ ಕೋಣೆಗಳಿವೆ. ದುರ್ಬೀನು ಕಲಾವಿದ ದಂಪತಿ ಕ್ಲೇಸ್ ಓಲ್ಡನ್‌ಬರ್ಗ್ ಮತ್ತು ಕೂಸ್ಯೆ ವಾನ್ ಬ್ರೂಗನ್ ಅವರದು, ಹಿಂದಿನ ಕಟ್ಟಡ ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ಅವರದು. 1991ರಲ್ಲಿ ಮುಗಿದ ಈ ಕಟ್ಟಡ ಶಯಟ್/ಡೇ ಜಾಹೀರಾತು ಸಂಸ್ಥೆಯ ಕಚೇರಿಯಾಯಿತು. ಮ್ಯಾಕಿಂಟಾಷ್ ಕಂಪ್ಯೂಟರಿಗೆ 1984ರ ಹೆಸರಾಂತ ಟಿವಿ ಜಾಹೀರಾತನ್ನು ಮಾಡಿಕೊಟ್ಟಿದ್ದು ಇದೇ ಸಂಸ್ಥೆ.

ಕೆಲಸದ ಜಾಗಕ್ಕೂ ಕೆಲಸಗಾರರ ಮನಸ್ಸಿಗೂ ನಂಟಿದೆ ಎಂಬ ಮಾತು ಆಗ ಹೊಸದೇನೂ ಆಗಿರಲಿಲ್ಲ. 20ನೇ ಶತಮಾನದ ಆರಂಭದ ದೊಡ್ಡ ಕಚೇರಿಗಳು ಕಾರ್ಖಾನೆಯ ಅಚ್ಚಿನಲ್ಲೇ ಎರಕಗೊಂಡಿದ್ದವು: ಸಾಲು ಮೇಜು, ಸಾಲು ಗುಮಾಸ್ತರು, ಕಣ್ಣಿಡಲು ಒಬ್ಬ ಮೇಲ್ವಿಚಾರಕ. ಇದಕ್ಕೆ ತೀರಾ ಬೇರೆಯದಾದ ಕಚೇರಿಯೊಂದು 1972ರಲ್ಲಿ ನೆದರ್‌ಲೆಂಡ್ಸ್‌ನ ಆಪೆಲ್‌ಡೋರ್ನ್‌ನಲ್ಲಿ ತಯಾರಾಯಿತು. ವಿಮಾ ಸಂಸ್ಥೆ ಸೆಂಟ್ರಾಲ್ ಬೆಹೀರ್‌ಗಾಗಿ ಹರ್ಮನ್ ಹರ್ಟ್ಸ್‌ಬರ್ಗರ್ ಕಟ್ಟಿದ ಅದು ಸುಮಾರು ಸಾವಿರ ಜನರ ಕಚೇರಿ. ಒಳಗೋಡೆಗಳ ಕಾಂಕ್ರೀಟ್ ಇಟ್ಟಿಗೆಗೆ ಗಿಲಾವು ಇಲ್ಲ, ಬಣ್ಣವಿಲ್ಲ. ಬೇಕೆಂದೇ ಹಾಗೆ ಬಿಟ್ಟದ್ದು. ಉಳಿದದ್ದನ್ನು ಸಿಬ್ಬಂದಿಯೇ ಪೂರ್ತಿಮಾಡಬೇಕಿತ್ತು. ಅವರು ಮನೆಯಿಂದ ಹೂಕುಂಡ ತಂದರು, ಚಿತ್ರ ಅಂಟಿಸಿದರು, ತಮ್ಮ ಮೂಲೆಯನ್ನು ತಮ್ಮದಾಗಿಸಿಕೊಂಡರು.

ಶಯಟ್/ಡೇಯ ಮುಖ್ಯಸ್ಥ ಜೇ ಶಯಟ್ 1993ರಲ್ಲಿ ಹಿಡಿದ ದಾರಿ ನೋಡಲು ಇನ್ನೂ ಮೋಜಿನದಾಗಿತ್ತು, ಆದರೆ ದಿಕ್ಕು ತಿರುಗುಮುರುಗು. ಸ್ವಂತ ಮೇಜು, ಸ್ವಂತ ಕೋಣೆ ಇರುವುದರಿಂದಲೇ ಕಚೇರಿ ರಾಜಕೀಯ ಬೆಳೆಯುತ್ತದೆ, ಜನ ತಮ್ಮ ಜಾಗ ಕಾಯುತ್ತ ಯೋಚಿಸುವುದನ್ನು ಮರೆಯುತ್ತಾರೆ ಎಂಬುದು ಅವರ ನಂಬಿಕೆ. 1994ರ ಆರಂಭಕ್ಕೆ ಲಾಸ್ ಏಂಜಲೀಸ್ ಕಚೇರಿಯಲ್ಲಿ ಯಾರಿಗೂ ಗೊತ್ತಾದ ಜಾಗವಿರಲಿಲ್ಲ. ಬೆಳಿಗ್ಗೆ ಬಂದವರು ಲ್ಯಾಪ್‌ಟಾಪ್, ಮೊಬೈಲ್ ಫೋನು ಇಸಿದುಕೊಂಡು ಎಲ್ಲಿ ಬೇಕಾದರೂ ಕೂರಬಹುದು. ಸಾಮಾನಿಗೆ ಶಾಲಾ ಮಕ್ಕಳದರಂಥ ಲಾಕರು. ಇಬ್ಬರು ಮಾತಾಡಬೇಕಾದರೆ ಜಾತ್ರೆಯ ಗಿರಕಿ ಆಟದಿಂದ ಕಳಚಿ ತಂದ ತೊಟ್ಟಿಲುಗಳಿದ್ದವು. ಅದೇ ವರ್ಷ ಇಟಲಿಯ ವಿನ್ಯಾಸಕಾರ ಗಯಟಾನೊ ಪೆಶೆ ರೂಪಿಸಿದ ನ್ಯೂಯಾರ್ಕ್ ಶಾಖೆ ತೆರೆಯಿತು. ಅಲ್ಲಿನ ನೆಲ ಬಣ್ಣಬಣ್ಣದ ರಾಳದ್ದು. ಫೋನು, ಲ್ಯಾಪ್‌ಟಾಪ್ ಕೊಡುವ ಕಿಂಡಿ ದೊಡ್ಡ ಕೆಂಪು ತುಟಿಗಳ ಆಕಾರದಲ್ಲಿತ್ತು. ಪತ್ರಿಕೆಗಳು ಮುಗಿಬಿದ್ದು ಬರೆದವು.

ಒಳಗಿನ ಕಥೆ ಬೇರೆ. ಲ್ಯಾಪ್‌ಟಾಪು, ಫೋನು ಎಲ್ಲರಿಗೂ ಸಾಲಲಿಲ್ಲ. ಹತ್ತಿರ ಮನೆಯಿದ್ದವರು ಬೇಗ ಬಂದು ಎತ್ತಿಟ್ಟುಕೊಳ್ಳುತ್ತಿದ್ದರು. ಲಾಕರಿನಲ್ಲಿ ಕಡತ ಹಿಡಿಸದೆ ಕೆಲವರು ಕಾರಿನ ಡಿಕ್ಕಿಯನ್ನೇ ಬೀರು ಮಾಡಿಕೊಂಡರು. ಒಬ್ಬರು ಮಕ್ಕಳ ಆಟದ ಕೆಂಪು ಗಾಡಿಯಲ್ಲಿ ಕಾಗದ ತುಂಬಿಕೊಂಡು ಪಡಸಾಲೆ ಪಡಸಾಲೆ ಎಳೆದಾಡುತ್ತಿದ್ದರು. ನಿನ್ನೆ ಕೂತ ಕಡೆಯೇ ಇವತ್ತೂ ಕೂತವರನ್ನು ಮುಖ್ಯಸ್ಥರೇ ಎಬ್ಬಿಸಿದ್ದುಂಟು. ಆಟಕ್ಕೆ ಬೇಕಾದ ಸಲಕರಣೆಯೆಲ್ಲ ಇತ್ತು. ಆಡುವವರಿಗೆ ನಿಯಮದಲ್ಲಿ ಮಾತಿರಲಿಲ್ಲ ಅಷ್ಟೆ. ಅಲ್ಲಿ ಸುಖ ಕೆಟ್ಟದ್ದು ಬಣ್ಣದಿಂದಲ್ಲ, ತನ್ನದೆನ್ನುವ ಒಂದು ಮೊಳ ಜಾಗವೂ ಇಲ್ಲದ್ದರಿಂದ.

1995ರಲ್ಲಿ ಸಂಸ್ಥೆ ಓಮ್ನಿಕಾಮ್ ಬಳಗದ ಪಾಲಾಯಿತು. 1998ರಲ್ಲಿ ಲಾಸ್ ಏಂಜಲೀಸ್ ಸಿಬ್ಬಂದಿ ಹೋಗಿ ಸೇರಿದ್ದು ಒಂದು ಹಳೆಯ ಗೋದಾಮಿಗೆ. ವಾಸ್ತುಶಿಲ್ಪಿ ಕ್ಲೈವ್ ವಿಲ್ಕಿನ್‌ಸನ್ ಅದರೊಳಗೆ ಒಂದು ಪುಟ್ಟ ಊರನ್ನೇ ಕಟ್ಟಿದ್ದರು: ನಡುವೆ ಮುಖ್ಯಬೀದಿ, ಮರಗಳಿರುವ ಪಾರ್ಕು, ಬ್ಯಾಸ್ಕೆಟ್‌ಬಾಲ್ ಅಂಕಣ. ಮೋಜು ಹೋಗಲಿಲ್ಲ, ಆದರೆ ಈ ಸಲ ಪ್ರತಿಯೊಬ್ಬರಿಗೂ ಸ್ವಂತ ಮೇಜಿತ್ತು. ಆ ಮೇಜುಗಳಿಗೆ ಇಟ್ಟ ಹೆಸರು ‘ಗೂಡು’ ಎಂಬರ್ಥದ್ದು.

ಈ ಅನುಭವವನ್ನು ಅಳೆದು ತೋರಿಸಿದ್ದು ಬ್ರಿಟನ್ನಿನ ಮನಶ್ಶಾಸ್ತ್ರಜ್ಞರಾದ ಕ್ರೇಗ್ ನೈಟ್ ಮತ್ತು ಅಲೆಕ್ಸ್ ಹ್ಯಾಸ್ಲಮ್ 2010ರಲ್ಲಿ ಪ್ರಕಟಿಸಿದ ಪ್ರಯೋಗಗಳು. ಬರಿದಾದ ಕೋಣೆಯಲ್ಲಿ ಕೂತವರಿಗಿಂತ, ಗಿಡ ಮತ್ತು ಚಿತ್ರಗಳಿದ್ದ ಕೋಣೆಯಲ್ಲಿ ಕೂತವರ ಕೆಲಸ ಶೇ. 17ರಷ್ಟು ಹೆಚ್ಚು ಸಾಗಿತು. ಅದೇ ಗಿಡ, ಅದೇ ಚಿತ್ರಗಳನ್ನು ತಾವೇ ಜೋಡಿಸಿಕೊಂಡವರದು ಶೇ. 32ರವರೆಗೂ ಏರಿತು. ನಾಲ್ಕನೆಯ ಗುಂಪಿನವರೂ ಮೊದಲು ತಾವೇ ಜೋಡಿಸಿಕೊಂಡಿದ್ದರು. ಆದರೆ ಪ್ರಯೋಗಕಾರರು ಬಂದು ಅವರ ಕಣ್ಣೆದುರೇ ಎಲ್ಲವನ್ನೂ ಬದಲಿಸಿಟ್ಟರು. ಗಳಿಸಿದ ಲಾಭ ಅಲ್ಲಿಗೆ ಕರಗಿತು, ನೆಮ್ಮದಿಯೂ ಕೆಟ್ಟಿತು.

ಗೋದಾಮಿನ ಊರನ್ನು ಕಟ್ಟಿದ ವಿಲ್ಕಿನ್‌ಸನ್ನರೇ ಮುಂದೆ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ಗೂಗಲ್‌ನ ಕೇಂದ್ರ ಕಚೇರಿಯ ಒಳಾಂಗಣ ರೂಪಿಸಿದರು. ಜಗತ್ತಿನ ಐಟಿ ಕಚೇರಿಗಳೆಲ್ಲ ಆ ಮಾದರಿಯತ್ತ ನೋಡತೊಡಗಿದವು. 2011ರಲ್ಲಿ ದುರ್ಬೀನಿನ ಕಟ್ಟಡವನ್ನೂ ಗೂಗಲ್ ಬಾಡಿಗೆಗೆ ಹಿಡಿಯಿತು. 2004ರಿಂದ ಬೆಂಗಳೂರಿನಲ್ಲಿರುವ ಅದೇ ಸಂಸ್ಥೆ 2025ರ ಫೆಬ್ರವರಿಯಲ್ಲಿ ಮಹದೇವಪುರದಲ್ಲಿ ‘ಅನಂತ’ ಎಂಬ ಆವರಣವನ್ನು ತೆರೆದಿದೆ. ಅಲ್ಲೂ ಪ್ರತಿ ಮಹಡಿಯನ್ನು ಬೀದಿಗಳಿರುವ ಕೇರಿಯಂತೆ ವಿಂಗಡಿಸಲಾಗಿದೆ, ಜನ ಸೇರುವ ನಡುಜಾಗಕ್ಕೆ ‘ಸಭಾ’ ಎಂದು ಹೆಸರಿದೆ. ಒಬ್ಬರೇ ಕೂತು ಕೆಲಸದಲ್ಲಿ ಮುಳುಗುವವರಿಗೆ ಆ ಕೇರಿಗಳಲ್ಲಿ ಚಿಕ್ಕ ಚಿಕ್ಕ ಗೂಡುಗಳನ್ನು ಬಿಟ್ಟಿದ್ದಾರೆ.